ಶೋಭಕ್ಕನ ಸಾವಿನ ಪರವಾಗಿ

ವಾದದಲ್ಲಿ ಸೋಲುವುದು ನನಗೆ ಅಭ್ಯಾಸವಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತವರು ಹೋಳಿಗೆ ಬಡಿಸಲು ಬಂದವರಿಗೆ ತಮ್ಮ ಸಕ್ಕರೆ ಕಾಯಿಲೆಯ ವಿಷಯ ಹೇಳಿಕೊಳ್ಳುತ್ತಾರಲ್ಲ, ಆ ಧಾಟಿಯಲ್ಲಿ ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಅಂಟಿಕೊಂಡದ್ದು ಕಾಲೇಜಿನಲ್ಲಿ ಉಲ್ಬಣಿಸಿತು. ಈಗ ಬಸ್ ಕಂಡಕ್ಟರು ಚಿಲ್ಲರೆ ಇಲ್ಲ ಎಂದರೂ ಸಾಕು, ನನ್ನೊಳಗೆ ಯಾರೋ ಗಂಟೆ ಬಾರಿಸಿ "ನಿಮ್ಮ ಮೂರು ನಿಮಿಷ ಶುರುವಾಯಿತು" ಎನ್ನುತ್ತಾರೆ. ಹೋದ ವರ್ಷ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವರಲ್ಲೊಬ್ಬ ಹಿರಿಯರು ಲೋಟ ಕೈಗೆತ್ತಿಕೊಂಡು "ಹುಡುಗಿಗೆ ಮಾತು ಸ್ವಲ್ಪ ಜಾಸ್ತಿಯಾ?" ಎಂದು ಅಮ್ಮನನ್ನು ಮೆಲ್ಲಗೆ ಕೇಳಿದರು. ಒಳಗಿಂದ ನಾನೇ ಬಂದು, ಆ ಪ್ರಶ್ನೆಯಲ್ಲಿ ಅಡಗಿರುವ ಮೂರು ತಪ್ಪು ಊಹೆಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಅವರು ಅರ್ಧ ಲೋಟ ಕಾಫಿ ಬಿಟ್ಟು ಎದ್ದು ಹೋದರು. ಕಾಫಿ ಬೆಳೆಯುವ ಊರಿನಲ್ಲಿ ಮನೆಗೆ ಬಂದವರು ಕಾಫಿ ಬಿಟ್ಟು ಹೋಗುವುದಕ್ಕಿಂತ ದೊಡ್ಡ ಅವಮಾನ ಉಂಟೇ ಎಂದು ಅಮ್ಮ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದಳು.

ನಮ್ಮ ಮನೆಯಲ್ಲಿ ನಾನು ಗೆದ್ದ ಕಪ್ಪುಗಳು ನಾಲ್ಕಿವೆ. ಅವುಗಳಲ್ಲಿ ದೊಡ್ಡದರಲ್ಲಿ ಅಮ್ಮ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿಟ್ಟಿದ್ದಾಳೆ. ಅದನ್ನು ಗೆದ್ದ ದಿನದ ವಿಷಯ, "ಸರ್ಕಾರದ ಸಹಾಯಧನ ಬಡವರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ." ನನಗೆ ಚೀಟಿಯಲ್ಲಿ 'ಪರ' ಎಂದು ಬಂದಿತ್ತು. 'ವಿರೋಧ' ಎಂದು ಬಂದಿದ್ದರೆ ಅಷ್ಟೇ ಆವೇಶದಿಂದ ವಿರೋಧಿಸುತ್ತಿದ್ದೆ. ಚರ್ಚಾಪಟುವಿನ ನಂಬಿಕೆ ಚೀಟಿ ಬಿಚ್ಚಿದ ಮೇಲೆ ಹುಟ್ಟುವಂಥದ್ದು. ನನ್ನ ಮೇಷ್ಟರೊಬ್ಬರು ಒಂದು ಗುಟ್ಟು ಹೇಳಿಕೊಟ್ಟಿದ್ದರು. ಮುಖ್ಯ ಮಾತನ್ನು ಮೂರು ಸಲ ಹೇಳಬೇಕು, ಪ್ರತಿ ಸಲವೂ ಒಂದು ಮೆಟ್ಟಿಲು ಏರಿ ಹೇಳಬೇಕು. ಆ ದಿನ ನಾನು ಹಾಗೆಯೇ ಏರಿದೆ. "ತೀರ್ಪುಗಾರರೇ, ಈ ನಾಡಿನಲ್ಲಿ ಬದುಕಿರುವವರು ಮಾತ್ರವಲ್ಲ, ಸತ್ತವರೂ ಪಿಂಚಣಿ ತಿನ್ನುತ್ತಾರೆ! ಸತ್ತವರೂ ತಿನ್ನುತ್ತಾರೆ! ಸತ್ತವರೂ!" ಸಭಾಂಗಣ ತಟ್ಟಿದ ಚಪ್ಪಾಳೆಗೆ ಸೂರಿನ ಪಾರಿವಾಳಗಳು ಹಾರಿದವು. ಅಂಕದ ಹಾಳೆಯಲ್ಲಿ ವಿಷಯ, ಮಂಡನೆ, ಧ್ವನಿ ಎಂದು ಮೂರು ಕಾಲಂ ಇರುತ್ತವೆ. ಧ್ವನಿಗೆ ನನಗೆ ಹತ್ತಕ್ಕೆ ಹತ್ತು. ಸತ್ತವರು ಪಿಂಚಣಿ ತಿನ್ನುವುದನ್ನು ನಾನು ಎಲ್ಲಿ ನೋಡಿದ್ದೆ ಎಂದು ತೀರ್ಪುಗಾರರು ಕೇಳಲಿಲ್ಲ. ಕೇಳಿದ್ದರೆ, ಹಿಂದಿನ ವರ್ಷ ಗೆದ್ದವನ ಭಾಷಣದಲ್ಲಿ ಎಂದು ಹೇಳಬೇಕಾಗುತ್ತಿತ್ತು.

ಈಗ ನಾನು ಮೂಡಿಗೆರೆಯಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಊಟ ಹಾಕುತ್ತಾರೆ ಎಂದುಕೊಳ್ಳಬೇಡಿ. ಸಂಬಳ ಯಾವ ತಿಂಗಳದ್ದು ಯಾವ ತಿಂಗಳು ಬರುತ್ತದೆ ಎಂಬುದು ಮಳೆಯ ಮುನ್ಸೂಚನೆಗಿಂತ ಅಸ್ಪಷ್ಟ. ಸರ್ಕಾರದ ಸಹಾಯಕ್ಕೆ ಕೈಯೊಡ್ಡುವವರನ್ನು ಹಂಗಿಸಿ ಕಪ್ಪು ಗೆದ್ದವಳು, ತಿಂಗಳ ಕೊನೆಯಲ್ಲಿ ಸ್ಟಾಫ್ ರೂಮಿನಲ್ಲಿ "ಬಂತಾ? ನಿಮ್ಗೆ ಬಂತಾ?" ಎಂದು ಎಲ್ಲರನ್ನೂ ಕೇಳುತ್ತಾ ತಿರುಗುತ್ತೇನೆ. ಉಳಿದ ಹೊತ್ತಿನಲ್ಲಿ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ.

ನಮ್ಮಪ್ಪ ಎಸ್ಟೇಟ್ ರೈಟರಾಗಿ ನಿವೃತ್ತರಾದವರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಆ ಹಾಜರಿ ಪುಸ್ತಕಕ್ಕೆ ಚೆಕ್‌ರೋಲ್ ಎಂದು ಹೆಸರು. ಅಪ್ಪನ ಅಕ್ಷರ ಮುದ್ರಿಸಿದ ಹಾಗೆ ಇರುತ್ತದೆ. ಅವರು ಹಾಜರಿಯ ಜೊತೆಗೆ ಸ್ವಲ್ಪ ಕಥೆಯನ್ನೂ ಬರೆದಿದ್ದರು ಎಂಬುದು ನನಗೆ ತಿಳಿದದ್ದು ಈಚೆಗೆ, ದೇವೀರಕ್ಕ ಒಂದು ಭಾನುವಾರ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ನಮ್ಮ ಜಗಲಿಗೆ ಬಂದಾಗ.

ದೇವೀರಕ್ಕ ಅಪ್ಪನ ಎಸ್ಟೇಟಿನಲ್ಲೇ ನಲವತ್ತು ವರ್ಷಕ್ಕೂ ಮಿಕ್ಕಿ ಕಾಫಿ ಕೊಯ್ದವರು. ಈಗಲೂ ಅಲ್ಲಿನ ಲೈನಿನ ಕೊನೆಯ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಲೈನ್ ಎಂದರೆ ಆಳುಗಳಿಗೆಂದು ಎಸ್ಟೇಟು ಕಟ್ಟಿಸಿದ ಸಾಲುಮನೆ. ಕೆಲಸಕ್ಕೆ ಬರುವ ತನಕ ಕೋಣೆ. ಕೆಲಸ ನಿಂತರೆ ಕೋಣೆಯೂ ಇಲ್ಲ. ಎರಡು ವರ್ಷದಿಂದ ಅವರಿಗೆ ಉಬ್ಬಸ. ಇಳಿಜಾರಿನಲ್ಲಿ ಎರಡು ಗಿಡಕ್ಕೊಮ್ಮೆ ನಿಂತು, ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡು ಉಸಿರು ಎಳೆದುಕೊಳ್ಳುತ್ತಾರೆ. ಡಾಕ್ಟರು ಇನ್ನು ಗುಡ್ಡ ಹತ್ತಲೇಬೇಡಿ ಎಂದಿದ್ದಾರೆ. ಗುಡ್ಡ ಹತ್ತದೆ ಬದುಕುವುದಕ್ಕೆ ಯಾವ ಗುಳಿಗೆ ಎಂದು ಬರೆದುಕೊಟ್ಟಿಲ್ಲ. ಮನೆಯೊಡತಿಯರಿಗೆ ಸರ್ಕಾರ ಕೊಡುವ ಹಣ ತಿಂಗಳು ಬಿಟ್ಟು ತಿಂಗಳು ಬಂದದ್ದು ಉಬ್ಬಸದ ಔಷಧಿಗೇ ಸರಿಹೋಗುತ್ತದೆ. ಅದರ ಜೊತೆಗೆ ವೃದ್ಧಾಪ್ಯ ವೇತನವೂ ಸಿಕ್ಕರೆ ನಮ್ಮ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿಯಬಹುದು, ಗುಡ್ಡ ಬಿಡಬಹುದು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ವಿಧವಾ ವೇತನ ಇದೆಯಲ್ಲ ಎನ್ನುತ್ತೀರಾ? ಅವರ ಗಂಡ ಬಹಳ ಹಿಂದೆ ಘಟ್ಟದ ಕೆಳಗೆ ಕೆಲಸ ಹುಡುಕಿಕೊಂಡು ಹೋದವನು. ಸರ್ಕಾರಕ್ಕೆ ಬೇಕಾದ ರೀತಿಯಲ್ಲಿ ಆತ ಸತ್ತೂ ಇಲ್ಲ, ಬಿಟ್ಟೂ ಇಲ್ಲ, ಸುಮ್ಮನೆ ಇಲ್ಲ.

"ಕೂಸೇ, ಈ ಕಾಗ್ದ ಸ್ವಲ್ಪ ನೋಡೇ. ಕಂಪ್ಯೂಟ್ರಿನ ಹುಡ್ಗಿ ಆಗಲ್ಲ ಅಂದ್ಲು" ಎಂದರು ದೇವೀರಕ್ಕ.

"ಯಾಕಂತೆ?"

"ನಂಗಿನ್ನೂ ವಯಸ್ಸಾಗಿಲ್ವಂತೆ" ಎಂದು ನಕ್ಕರು. ನಗು ಮುಗಿಸುವಷ್ಟು ಉಸಿರಿರದೆ ಕೆಮ್ಮಿದರು. "ಇದೇ ಮಾತ್ನ ಅವಾಗ ಯಾರಾದ್ರೂ ಹೇಳಿದ್ರೆ ಎಷ್ಟು ಖುಷಿ ಆಗ್ತಿತ್ತು."

ಆಧಾರ್ ಕಾರ್ಡು ನೋಡಿದೆ. ಅದರ ಪ್ರಕಾರ ದೇವೀರಕ್ಕನಿಗೆ ಐವತ್ತೈದು. ಅರವತ್ತಾಗಲು ಇನ್ನೂ ಐದು ವರ್ಷ ಕಾಯಬೇಕು. ಒಳಗಿಂದ ಬಂದ ಅಮ್ಮ ಕಾರ್ಡು ಇಸಿದುಕೊಂಡು ನೋಡಿ, "ಅಲ್ಲ ಮಾರಾಯ್ತಿ, ಇದ್ರ ಪ್ರಕಾರ ನಾನೇ ದೊಡ್ಡೋಳು! ನನ್ನ ಮದ್ವೇಲಿ ನೀವು ಹೆಗಲ ಮೇಲೆ ನೀರು ಹೊತ್ತಿದ್ರಿ. ಇವತ್ತಿಂದ ನೀವೇ ನಂಗೆ ಅಕ್ಕ ಅನ್ಬೇಕು" ಎಂದಳು. ಎಲ್ಲರೂ ನಕ್ಕೆವು, ಅಪ್ಪನೊಬ್ಬರನ್ನು ಬಿಟ್ಟು. ಅಪ್ಪ ಕೈಯಲ್ಲಿದ್ದ ಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಏರಿಸಿದರು. ಅದು ಹಿಂದಿನ ದಿನದ ಪತ್ರಿಕೆ.

"ಅಪ್ಪ, ಇದು ಯಾರು ಬರೆಸಿದ್ದು?"

"ನಾನೇ" ಎಂದಿತು ಪತ್ರಿಕೆ.

ಆದದ್ದು ಇಷ್ಟು. ಆಧಾರ್ ಮಾಡಿಸುವ ಕ್ಯಾಂಪು ಎಸ್ಟೇಟಿಗೇ ಬಂದಾಗ ಲೈನಿನವರಲ್ಲಿ ಹೆಚ್ಚಿನವರ ಹತ್ತಿರ ಹುಟ್ಟಿದ ದಿನದ ಯಾವ ಕಾಗದವೂ ಇರಲಿಲ್ಲ. ಎಸ್ಟೇಟಿನ ರೈಟರು ಬರೆದುಕೊಟ್ಟ ಪಟ್ಟಿಯೇ ಪ್ರಮಾಣ. ಐವತ್ತೆಂಟಕ್ಕೆ ಆಳುಗಳನ್ನು ಪುಸ್ತಕದಿಂದ ತೆಗೆಯುವುದು ಎಸ್ಟೇಟಿನ ನಿಯಮ. ಹಾಗಾಗಿ ಹಿಂದಿನ ಸಂಜೆ ಒಬ್ಬೊಬ್ಬರೇ ಬಂದು ಅಪ್ಪನ ಮೇಜಿನ ಮುಂದೆ ನಿಂತರು. ಸ್ವಲ್ಪ ಕಮ್ಮಿ ಬರೀರಿ ರೈಟ್ರೇ, ಇನ್ನೊಂದಷ್ಟು ವರ್ಷ ದುಡೀತೀವಿ ಅಂತ. ಅಪ್ಪ ಬರೆದರು. ಆ ಒಂದು ಸಂಜೆಯಲ್ಲಿ ನಮ್ಮ ಎಸ್ಟೇಟಿನ ಲೈನು ಇಡಿಯಾಗಿ ಯೌವನಕ್ಕೆ ಮರಳಿತು. ದೇವೀರಕ್ಕನ ಪಾಲಿಗೆ ಹನ್ನೊಂದು ವರ್ಷ ಕಡಿಮೆಯಾಯಿತು.

"ಅಪ್ಪ, ಇದು ಸುಳ್ಳು ದಾಖಲೆ ಸೃಷ್ಟಿ" ಎಂದೆ.

"ಹೌದು" ಎಂದರು ಅಪ್ಪ.

ಎದುರಾಳಿ 'ಹೌದು' ಎಂದುಬಿಟ್ಟರೆ ಮುಂದೇನು ಮಾಡಬೇಕೆಂದು ಯಾವ ಮೇಷ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ದೇವೀರಕ್ಕ ನನ್ನ ಕಡೆ ತಿರುಗಿ, "ರೈಟ್ರಿಗೆಂತ ಬೈತೀಯೆ? ನಾನೇ ಕೇಳಿದ್ದು. ಅವ್ರು ಬರೀದೇ ಹೋಗಿದ್ರೆ ಎಂಟು ವರ್ಷದ ಹಿಂದೇನೇ ನನ್ನ ಪಾತ್ರೆ ಪಗಡೆ ರೋಡಿಗೆ ಬರ್ತಿತ್ತು. ಅವತ್ತು ಉಸ್ರಿತ್ತು, ವಯಸ್ಸು ಬೇಡ ಅಂದೆ. ಇವತ್ತು ಉಸ್ರಿಲ್ಲ, ವಯಸ್ಸು ವಾಪಸ್ ಕೊಡಿ ಅಂತ ಬಂದಿದೀನಿ" ಎಂದರು. ಇಷ್ಟು ಚೆನ್ನಾಗಿ ವಿಷಯ ಮಂಡಿಸಿದವರನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ. ಆದರೆ ಇದನ್ನು ಹೀಗೆಯೇ ಕಚೇರಿಯಲ್ಲಿ ಹೇಳಿದರೆ ಅಪ್ಪನ ಮೇಲೆ ಕೇಸು ಬೀಳುತ್ತದೆ. ಆದ್ದರಿಂದ ಕೇಸನ್ನು ನಾನು ವಹಿಸಿಕೊಂಡೆ. ನನ್ನನ್ನು ಯಾರೂ ಕೇಳಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ವಯಸ್ಸಿಗೆ ಪುರಾವೆ ಬೇಕು. ದೇವೀರಕ್ಕ ಶಾಲೆಗೆ ಹೋದವರಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅವರು ಹೋಗದಿದ್ದರೇನು, ಅವರ ಮಗಳು ಹೋಗಿದ್ದಳಲ್ಲ! ಶೋಭಕ್ಕ ನನಗಿಂತ ಹದಿನೇಳು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಎಸ್ಟೇಟಿನ ಶಾಲೆಯ ತನಕ ಬಿಟ್ಟು, ಆಮೇಲೆ ಕಾಫಿ ಕೊಯ್ಯಲು ಹೋಗುತ್ತಿದ್ದಳು. ನಾನು ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದೆನಂತೆ, ಅವಳು ದಾರಿಯುದ್ದಕ್ಕೂ ಉತ್ತರ ಕೊಡುತ್ತಿದ್ದಳಂತೆ. ಆನೆ ಯಾಕೆ ಕಾಫಿ ತಿನ್ನಲ್ಲ ಎಂದಾಗ, ಅದಕ್ಕೆ ನಿದ್ದೆ ಬರದೇ ಹೋದ್ರೆ ನಮ್ಗೆ ಕಷ್ಟ ಅಲ್ವಾ, ಅಂದಿದ್ದಳು. ನನ್ನ ಬದುಕಿನ ಮೊದಲ ಎದುರಾಳಿ. ಇಪ್ಪತ್ಮೂರಕ್ಕೆ ಕಾಮಾಲೆಯಾಗಿ ತೀರಿಕೊಂಡಳು. ನನಗಾಗ ಆರು ವರ್ಷ.

ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಶೋಭಕ್ಕನ ಹೆಸರು ಸಿಕ್ಕಿತು. ತಾಯಿ: ದೇವೀರಮ್ಮ. ಹುಟ್ಟಿದ್ದು ಜೂನ್ ಒಂದು. ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆ ಶುರುವಾಗುವ ದಿನ ಹೆಡ್ ಮೇಷ್ಟರೇ ಎಲ್ಲರನ್ನೂ ಒಟ್ಟಿಗೆ ಹೆತ್ತದ್ದು. ಇರಲಿ, ದಿನ ಸುಳ್ಳಾದರೂ ವರ್ಷ ನಿಜ. ಲೆಕ್ಕ ಹಾಕಿದೆ. ಶೋಭಕ್ಕ ಇದ್ದಿದ್ದರೆ ಈಗ ನಲವತ್ತನಾಲ್ಕು. ತಾಯಿಗೆ ಕಾರ್ಡಿನಂತೆ ಐವತ್ತೈದು. ಹಾಗಾದರೆ ಹನ್ನೊಂದನೇ ವಯಸ್ಸಿಗೆ ಹೆರಿಗೆ! ಎದುರಾಳಿಯ ದಾಖಲೆಯಿಂದಲೇ ಎದುರಾಳಿಯನ್ನು ಮಣಿಸುವುದು ನಮ್ಮ ವಿದ್ಯೆಯಲ್ಲಿ ಅತಿ ಸೊಗಸಾದ ಪಟ್ಟು. ಆ ಸಂತೋಷಕ್ಕೆ ನಾನು ಶಾಲೆಯ ಮೆಟ್ಟಿಲ ಮೇಲೆ ಕುಣಿಯುವುದೊಂದು ಬಾಕಿ. ಸತ್ತವಳ ಶಾಲಾ ದೃಢೀಕರಣ ಪತ್ರ ಕೈಯಲ್ಲಿ ಹಿಡಿದು ಕುಣಿಯಬೇಕೆನ್ನಿಸಿತು ಎಂಬುದು ಆಗ ಹೊಳೆಯಲಿಲ್ಲ.

ಅರ್ಜಿ ಹಾಕಿದ ಮೇಲೆ ಸ್ಥಳ ವಿಚಾರಣೆಗೆ ವಿ.ಎ., ಅಂದರೆ ಗ್ರಾಮಲೆಕ್ಕಿಗರು, ನಮ್ಮ ಜಗಲಿಗೇ ಬಂದರು. ಅವರ ಹುದ್ದೆಗೆ ಈಗ ಉದ್ದನೆಯ ಹೊಸ ಹೆಸರು ಬಂದಿದೆ. ಊರಿನ ಬಾಯಲ್ಲಿ ಮಾತ್ರ ಇನ್ನೂ ವಿ.ಎ. ಬಯಲುಸೀಮೆಯ ಆಚೆ, ವಿಜಯಪುರದ ಕಡೆಯ ಯುವಕ. ಇಲ್ಲಿನ ಚಳಿಗೆ ಎರಡು ಸ್ವೆಟರ್ ಹಾಕಿ, ಜಿಗಣೆಗೆ ಹೆದರಿ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡಿದ್ದರು. ಒಳ್ಳೆಯವರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಸಾಕ್ಷಿಗೆಂದು ಅಕ್ಕಪಕ್ಕದ ನಾಲ್ಕು ಜನ ಬಂದು ನಿಂತಿದ್ದರು. ದೇವೀರಕ್ಕ ಕಟ್ಟೆಯ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಪ್ರೇಕ್ಷಕರಿರುವುದನ್ನು ಕಂಡು ನನ್ನ ಗಂಟಲು ತಾನಾಗಿ ಸರಿಯಾಯಿತು.

"ಸರ್, ಇಲ್ಲಿ ಎರಡೇ ಸಾಧ್ಯತೆ" ಎಂದೆ. "ಒಂದೋ ಇವರಿಗೆ ಅರವತ್ತು ದಾಟಿದೆ, ಇಲ್ಲವೋ ಇವರು ಹನ್ನೊಂದನೇ ವಯಸ್ಸಿಗೆ ಹೆತ್ತಿದ್ದಾರೆ. ಎರಡನೆಯದಾದರೆ ನೀವು ಪಿಂಚಣಿ ಫೈಲು ಮುಚ್ಚಿ ಪೊಲೀಸ್ ಫೈಲು ತೆರೆಯಬೇಕು. ಯಾವುದು ಬರೀತೀರಿ?"

ವಿ.ಎ. ಶಾಲೆಯ ಪತ್ರವನ್ನು ಓದಿದರು, ಬೆರಳು ಮಡಚಿ ಲೆಕ್ಕ ಹಾಕಿದರು, ನಕ್ಕರು. "ಒಪ್ಪಿದೆ ಬಿಡ್ರಿ ಮೇಡಂ. ನೀವು ವಕೀಲ್ರಾಗ್ಬೇಕಿತ್ರಿ. ಡಾಕ್ಟರ್ ಕಡೆಯಿಂದ ವಯಸ್ಸಿನ ಪತ್ರ ತರ್ರಿ, ನಾ ವರದಿ ಕೊಡ್ತೀನಿ, ಆಧಾರ್ ತಿದ್ದಸೂಣು." ನೆರೆಯವರಲ್ಲೊಬ್ಬರು "ನಮ್ ರೈಟ್ರ ಮಗ್ಳು ಅಂದ್ರೆ ಸುಮ್ನೆ ಅಲ್ಲ ಮಾರಾಯ" ಎಂದರು. ವಿ.ಎ. ಬರೆಯತೊಡಗಿದರು. ನಾಲ್ಕನೇ ಸಾಲಿಗೆ ಪೆನ್ನು ನಿಂತಿತು.

"ಈ ಮಗಳು ಈಗ ಎಲ್ಲಿ ಅದಾರ್ರೀ?"

"ಇಲ್ಲ."

"ಇಲ್ಲಂದ್ರ? ಮದ್ವಿ ಆಗಿ ಹೋಗ್ಯಾರ?"

"ತೀರಿಕೊಂಡಿದ್ದಾಳೆ. ಇಪ್ಪತ್ತೊಂದು ವರ್ಷವಾಯಿತು."

"ಮರಣ ಪ್ರಮಾಣಪತ್ರ ಕೊಡ್ರಿ, ಹಚ್ಚತೀನಿ."

ನಾವೆಲ್ಲರೂ ಅಪ್ಪನ ಕಡೆ ನೋಡಿದೆವು. ಈ ಸಲ ಅವರ ಕೈಯಲ್ಲಿ ಪತ್ರಿಕೆ ಇರಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಎಸ್ಟೇಟಿನ ಲೈನಿನಲ್ಲಿ ಹುಟ್ಟಿದರೂ ಸತ್ತರೂ ಜನ ಮಾಡುತ್ತಿದ್ದದ್ದು ಒಂದೇ ಕೆಲಸ, ರೈಟರಿಗೆ ಹೇಳುವುದು. ರೈಟರು ಪುಸ್ತಕದಲ್ಲಿ ಬರೆದರೆ ಮುಗಿಯಿತು. ಅದಕ್ಕಿಂತ ಮೇಲೆ ಇನ್ನೊಂದು ಪುಸ್ತಕ ಇರಬಹುದೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಪಂಚಾಯಿತಿಗೆ ಹೋಗಿ ನೋಂದಾಯಿಸುವುದನ್ನೂ ರೈಟರೇ ಮಾಡುತ್ತಿದ್ದರು, ಆ ಕಡೆ ಹೋದಾಗ. ಶೋಭಕ್ಕ ಸತ್ತ ವಾರ ಮೋರಿ ಕೊಚ್ಚಿಕೊಂಡು ಹೋಗಿ ರಸ್ತೆ ನಿಂತಿತ್ತು. ಆಮೇಲೆ ಗೊಬ್ಬರ ಬಂತು, ಆಮೇಲೆ ಕೊಯ್ಲು ಬಂತು. ಅಪ್ಪ ಚೆಕ್‌ರೋಲಿನಲ್ಲಿ ಅವಳ ಹೆಸರಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅಷ್ಟೇ ಅವಳ ಮರಣ ನೋಂದಣಿ.

"ಹಂಗಿದ್ರ ಕಷ್ಟ ಆತ್ರಿ" ಎಂದರು ವಿ.ಎ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಕಾಗದ ನೀವ ಕೊಟ್ರಿ ಮೇಡಂ. ಇಲ್ಲಾಂದ್ರ ಮಗಳು ಇದ್ದದ್ದ ನನಗ ಗೊತ್ತಾಗ್ತಿರ್ಲಿಲ್ಲ. ಈಗ ಫೈಲಿನ್ಯಾಗ ಬಂದಾಳ. ಹುಟ್ಟಿದ್ದಕ್ಕ ದಾಖಲಿ ಐತಿ, ಸತ್ತಿದ್ದಕ್ಕ ಇಲ್ಲ. ಅಂದಮ್ಯಾಗ ದಾಖಲಿ ಪ್ರಕಾರ ಆಕಿ ಅದಾಳ. ನಲವತ್ನಾಕು ವರ್ಷದ, ದುಡಿಯೂ ಮಗಳು. ಆಕಿ ಆದಾಯ ಎಷ್ಟು, ತಾಯಿನ್ನ ಯಾಕ ನೋಡ್ಕೊಳ್ಳಂಗಿಲ್ಲ ಅಂತ ಮ್ಯಾಗಿನವ್ರು ಕೇಳ್ತಾರ."

ಕಟ್ಟೆಯ ತುದಿಯಿಂದ ದೇವೀರಕ್ಕ ಕೇಳಿದರು: "ಎಂತ ಅಂದ್ರು? ಶೋಭ ಇದಾಳಂತಾ?"

ವಿ.ಎ. ತಮ್ಮ ಸಾಕ್ಸು ನೋಡಿಕೊಂಡು, "ಕಾಗದದಾಗ, ಅಮ್ಮಾ" ಎಂದರು. "ಕಾಗದದಾಗ ಅಷ್ಟ."

ಹೀಗೆ ನಾನು ತಾಯಿಗೆ ವಯಸ್ಸು ತಂದುಕೊಡಲು ಹೋಗಿ ಮಗಳಿಗೆ ಜೀವ ಕೊಟ್ಟು ಬಂದೆ. ಸತ್ತವರು ಪಿಂಚಣಿ ತಿನ್ನುತ್ತಾರೆ ಎಂದು ನಾನು ಮೂರು ಸಲ ಕೂಗಿದ್ದು ಒಂದು ಲೆಕ್ಕದಲ್ಲಿ ಈಗ ನಿಜವಾಯಿತು. ಇಪ್ಪತ್ತೊಂದು ವರ್ಷದ ಹಿಂದೆ ಸತ್ತವಳು ಅವಳ ತಾಯಿಯ ಪಿಂಚಣಿಯನ್ನು ತಿಂದಿದ್ದಳು, ಅದೂ ನನ್ನ ಕೈಯಿಂದ ಬಡಿಸಿಕೊಂಡು.

ಮರಣವನ್ನು ಇಷ್ಟು ತಡವಾಗಿ ನೋಂದಾಯಿಸಲು ಚಿಕ್ಕಮಗಳೂರಿನ ದೊಡ್ಡ ಕಚೇರಿಯಿಂದ ಆದೇಶ ತರಬೇಕು. ಅದಕ್ಕೆ ಅರ್ಜಿ, ಅದರ ಜೊತೆ ತಾಯಿಯ ಪ್ರಮಾಣಪತ್ರ: 'ನನ್ನ ಮಗಳು ಮೃತಪಟ್ಟಿರುವುದು ಸತ್ಯ' ಎಂದು ಕೊನೆಯಾಗುವ ಒಂದು ಹಾಳೆ. ಮರುದಿನವೇ ಟೈಪ್ ಮಾಡಿಸಿ, ಇಂಕ್ ಪ್ಯಾಡು ಹಿಡಿದು ಲೈನಿಗೆ ಹೋದೆ. ದೇವೀರಕ್ಕ ಒಲೆಯ ಮುಂದೆ ಕೂತಿದ್ದರು. ಓದಿ ಹೇಳಿದೆ. ಅವರು ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಮಡಚಿಕೊಂಡರು.

"ಸ್ವಲ್ಪ ದಿನ ತಡಿ ಕೂಸೇ."

"ಯಾಕೆ ದೇವೀರಕ್ಕ? ಬೇಗ ಕೊಟ್ರೆ ಬೇಗ ಆಗತ್ತೆ. ಗುಡ್ಡ ಹತ್ತೋದು ತಪ್ಪತ್ತೆ."

"ಗೊತ್ತು. ಅವ್ಳು ಇದಾಳೆ ಅಂತ ಯಾರೂ ಹೇಳಿರ್ಲಿಲ್ಲ ಮಾರಾಯ್ತಿ, ಇಷ್ಟು ವರ್ಷದಾಗೆ. ಆ ಸ್ವೆಟ್ರಿನೋರು ಮೊದ್ಲು ಹೇಳಿದ್ದು. ಅದೂ ನಾಕು ಜನ್ರ ಎದ್ರಿಗೆ." ಒಲೆಗೆ ಒಂದು ತುಂಡು ಸೌದೆ ಇಟ್ಟರು. "ಸುಳ್ಳು ಅಂತ ಗೊತ್ತು ನಂಗೆ. ನಾನೇ ಮಣ್ಣು ಹಾಕಿದೀನಲ್ಲ. ಆದ್ರೂ ಒಂದಷ್ಟು ದಿನ ಇರ್ಲಿ ಬಿಡು."

ಇದಕ್ಕೆ ಖಂಡನೆ ಹುಡುಕಿದೆ. ಇದು ಭಾವನಾತ್ಮಕ ವಾದ, ಪುರಾವೆ ಇಲ್ಲ, ವಿಷಯಾಂತರ ಎಂದೆಲ್ಲ ತಲೆಯಲ್ಲಿ ಬಂತು. ಇಂಕ್ ಪ್ಯಾಡಿನ ಮುಚ್ಚಳ ಹಾಕಿಕೊಂಡು ವಾಪಸು ಬಂದೆ. ಮನೆಯಲ್ಲಿ ಅಪ್ಪ 'ನಾನು ಕೆಳಗೆ ಸಹಿ ಮಾಡಿರುವ' ಎಂದು ಶುರುವಾಗುವ ತಮ್ಮ ಹೇಳಿಕೆಯನ್ನು ಕೈಯಲ್ಲೇ ಬರೆಯುತ್ತಿದ್ದರು. ಮರಣವನ್ನು ನೋಂದಾಯಿಸದೆ ಇದ್ದದ್ದು ನನ್ನ ತಪ್ಪು ಎಂಬ ಒಂದೇ ವಾಕ್ಯ. ಆರು ಹಾಳೆ ಹರಿದಿದ್ದರು. ಅಕ್ಷರ ಯಾವುದರಲ್ಲೂ ಕೆಟ್ಟಿರಲಿಲ್ಲ.

ಮೂರನೇ ವಾರ ದೇವೀರಕ್ಕ ಇಳಿಜಾರಿನಲ್ಲಿ ಕೂತವರು ಏಳಲಿಲ್ಲ. ಮೇಸ್ತ್ರಿ ಇಬ್ಬರು ಹೆಂಗಸರನ್ನು ಕಳಿಸಿ ಇಳಿಸಿದರಂತೆ. ಎಸ್ಟೇಟಿನ ಹೊಸ ಮ್ಯಾನೇಜರು ಬಂದು, "ಆಗದಿದ್ರೆ ಹೇಳ್ಬಿಡಿ ಅಮ್ಮ, ಕೋಣೆಗೆ ಬೇರೆಯವ್ರು ಕಾಯ್ತಿದಾರೆ" ಎಂದು ಬಹಳ ಮರ್ಯಾದೆಯಿಂದ ಹೇಳಿದರಂತೆ. ಅದರ ಮರುದಿನ ಬೆಳಿಗ್ಗೆ ಅವರು ನಮ್ಮ ಜಗಲಿಗೆ ಬಂದರು. ಒಗೆದ ಸೀರೆ ಉಟ್ಟಿದ್ದರು, ತಲೆಗೆ ಎಣ್ಣೆ ಹಾಕಿ ಬಾಚಿದ್ದರು. ಹೆಬ್ಬೆರಳನ್ನು ಮುಂದೆ ಚಾಚಿ, "ತಗಾ, ಒತ್ತಿಸ್ಕ" ಎಂದರು. "ಬಾ ಕೂಸೇ, ಅವ್ಳನ್ನ ಸಾಯ್ಸಿ ಬರಾಣ."

ಅಮ್ಮ ಒಳಗೆ ಹೋಗಿ ಕಾಫಿ ಮಾಡುವ ನೆಪದಲ್ಲಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದಳು.

ವಿಚಾರಣೆಯ ದಿನ ನಾವು ಮೂವರು ಮೊದಲ ಬಸ್ಸಿಗೆ ಹೊರಟೆವು. ಅಪ್ಪನ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಳೆಯ ಚೆಕ್‌ರೋಲ್ ಇತ್ತು. ಎಸ್ಟೇಟು ಕೈ ಬದಲಾದಾಗ ಹಳೆಯ ಪುಸ್ತಕಗಳನ್ನು ಒಲೆಗೆ ಹಾಕಲು ಹೊರಟಿದ್ದರಂತೆ, ಅಪ್ಪ ಒಂದನ್ನು ಮಾತ್ರ ಕೇಳಿ ತಂದು ಟ್ರಂಕಿನಲ್ಲಿ ಇಟ್ಟಿದ್ದರು. ಯಾಕೆ ಅದೊಂದೇ ಎಂದು ನಾನು ಕೇಳಲಿಲ್ಲ. ಕೇಳದೆ ಬಿಟ್ಟ ಪ್ರಶ್ನೆಗಳು ನನ್ನ ಜೀವನದಲ್ಲಿ ಬಹಳ ಕಡಿಮೆ. ವಸ್ತಾರೆ ದಾಟುವಾಗ ದೇವೀರಕ್ಕ, "ಅವ್ಳು ಚಿಕ್ಕಮಗ್ಳೂರು ನೋಡ್ಬೇಕು ಅಂತಿದ್ಲು, ಕರ್ಕೊಂಡು ಬಂದೇ ಇಲ್ಲ" ಎಂದರು, ಕಿಟಕಿಗೆ ಹೇಳುವವರ ಹಾಗೆ.

ಕಚೇರಿಯ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತೆವು. ಆಮೇಲೆ ಜವಾನ ಫೈಲಿನ ಮೇಲಿದ್ದ ಹೆಸರನ್ನೇ ಓದಿ ಕೂಗಿದ: "ಶೋಭಾ! ಶೋಭಾ ಬಂದಿದಾರೇನ್ರೀ? ಶೋಭಾ!" ದೇವೀರಕ್ಕ ಅರ್ಧ ಎದ್ದು, ಬಾಗಿಲ ಕಡೆಗಲ್ಲ, ಹಿಂದೆ ರಸ್ತೆಯ ಕಡೆಗೆ ತಿರುಗಿ ನೋಡಿದರು.

ಒಳಗೆ ಮೇಡಂ ಒಬ್ಬರು ಇದ್ದರು. ಫೈಲು ತಿರುಗಿಸಿ, "ಇಷ್ಟು ವರ್ಷ ಯಾಕೆ ನೋಂದಾಯಿಸಿಲ್ಲ? ಈಗ ಪಿಂಚಣಿಗೋಸ್ಕರ ಮಗಳನ್ನು ಸತ್ತಿದ್ದಾಳೆ ಅಂತ ತೋರಿಸ್ತಿಲ್ಲ ಅಂತ ನಾನು ಹೇಗೆ ನಂಬಲಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ಅವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅಂಥದ್ದೇ ಅನುಮಾನಕ್ಕೆ ನನಗೆ ಕಪ್ಪು ಕೊಟ್ಟಿದ್ದರು. ಅಪ್ಪ ಎದ್ದು "ತಪ್ಪು ನಂದು ಮೇಡಂ" ಎಂದು ಚೆಕ್‌ರೋಲ್ ಬಿಚ್ಚಿ ಮೇಜಿನ ಮೇಲಿಟ್ಟರು. ಆ ತಿಂಗಳ ಪುಟದಲ್ಲಿ ಶೋಭಕ್ಕನ ಹೆಸರಿನ ಮುಂದೆ ಮೂರು ದಿನ ಗೈರುಹಾಜರಿ ಎಂಬ ಗುರುತು, ಅದರಾಚೆಗೆ ಪುಟದ ಅಂಚಿನವರೆಗೆ ಕೆಂಪು ಗೆರೆ. ಗೆರೆ ಸ್ಕೇಲ್ ಹಿಡಿದು ಎಳೆದಷ್ಟು ನೇರವಾಗಿತ್ತು. "ಇದೊಂದು ಗೆರೆ ಸಾಲದು" ಎಂದರು ಮೇಡಂ.

ಗಂಟೆ ಬಾರಿಸಿತು. ಬಾರಿಸಿದ್ದು ನನ್ನೊಳಗೆ. ವಿಷಯ: ಶೋಭಾ ಸತ್ತಿದ್ದಾಳೆ. ಪರವಾಗಿ, ನಾನು.

"ಮೇಡಂ, ಬದುಕಿರುವವರು ಗುರುತು ಬಿಡುತ್ತಾರೆ" ಎಂದೆ. "ಓಟು ಹಾಕುತ್ತಾರೆ, ರೇಷನ್ ತರುತ್ತಾರೆ, ಸಿಮ್ ಕೊಳ್ಳುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ, ಜಗಳವಾಡುತ್ತಾರೆ. ಇಪ್ಪತ್ತೊಂದು ವರ್ಷದಲ್ಲಿ ಶೋಭಾ ಇವುಗಳಲ್ಲಿ ಒಂದನ್ನೂ ಮಾಡಿಲ್ಲ. ಆಧಾರ್ ಬಂದಾಗ ಅವಳಿರಲಿಲ್ಲ. ಮಣ್ಣು ಮಾಡಿದವರಲ್ಲಿ ಇಬ್ಬರ ಹೇಳಿಕೆ ಫೈಲಿನಲ್ಲಿದೆ. ಒಬ್ಬ ವ್ಯಕ್ತಿ ಒಂದು ಶಾಲೆಯ ಪುಸ್ತಕದಲ್ಲಿ ಮಾತ್ರ ಬದುಕಿರಲು ಸಾಧ್ಯವೇ?" ಗಂಟಲು ಬಿಚ್ಚಿಕೊಂಡಿತ್ತು. ಮೆಟ್ಟಿಲು ತಾನಾಗಿ ಕಾಲಿಗೆ ಸಿಕ್ಕಿತು. "ಶೋಭಾ ಸತ್ತಿದ್ದಾಳೆ ಮೇಡಂ. ಶೋಭಾ ಸತ್ತಿದ್ದಾಳೆ! ಸತ್ತೇ ಹೋಗಿದ್ದಾಳೆ!"

ಹೊರಗೆ ಬೆಂಚಿನಲ್ಲಿದ್ದವರು ಬಾಗಿಲಿನಲ್ಲಿ ಇಣುಕಿದರು. ಮೇಡಂ ನನ್ನನ್ನು ನೋಡಲಿಲ್ಲ, ದೇವೀರಕ್ಕನನ್ನು ನೋಡಿ, ಸಹಿ ಹಾಕಿದರು. ನಾನು ಗೆದ್ದ ವಾದಗಳಲ್ಲಿ ಚಪ್ಪಾಳೆ ಬೀಳದ್ದು ಅದೊಂದೇ.

ಆದೇಶ ಬಂತು, ಮರಣಪತ್ರ ಬಂತು, ಆಧಾರ್ ತಿದ್ದುಪಡಿಯಾಯಿತು. ಒಂದು ದಿನ ವಿ.ಎ. ಫೋನ್ ಮಾಡಿ "ಮಂಜೂರಾತ್ರಿ ಮೇಡಂ, ಅಮ್ಮಗ ಹೇಳ್ರಿ" ಎಂದರು. ಅವರ ದನಿಯಲ್ಲಿ ನನಗಿಂತ ಹೆಚ್ಚು ಸಂತೋಷವಿತ್ತು. ದೇವೀರಕ್ಕ ಹಿಂದಿನ ಬೀದಿಯ ಕೋಣೆಗೆ ಬಂದಿದ್ದಾರೆ. ಮಗಳ ಫೋಟೋ ಎಂದೂ ತೆಗೆಸಿದ್ದಿಲ್ಲವಾದ್ದರಿಂದ ಮರಣಪತ್ರದ ಒಂದು ಪ್ರತಿಯನ್ನೇ ಪ್ಲಾಸ್ಟಿಕ್ಕಿನಲ್ಲಿ ಹಾಕಿ ದೇವರ ಪಟದ ಪಕ್ಕ ನಿಲ್ಲಿಸಿದ್ದಾರೆ. ನಾನು ಹೋದಾಗ ಅದಕ್ಕೆ ಒಂದು ಹೂವು ಸಿಕ್ಕಿಸಿತ್ತು. ಕಾಫಿ ಕೊಟ್ಟರು. ನಾನು ಕುಡಿದು ಮುಗಿಸಿದ ಮೇಲೆ ನನ್ನ ಕೈ ಮುಟ್ಟಿ ಹೇಳಿದರು:

"ಚೆನ್ನಾಗಿ ಮಾತಾಡ್ದೆ ಕೂಸೇ ಅವತ್ತು. ನೀನಿಲ್ದಿದ್ರೆ ಆಗ್ತಿರ್ಲಿಲ್ಲ. ಸ್ವಲ್ಪ ಮೆಲ್ಲಗೆ ಹೇಳ್ಬೋದಿತ್ತು."

ಹೋದ ವಾರ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನಡೆಯಿತು. ವಿಷಯ ಹಳೆಯದೇ, ಸಹಾಯಧನ, ಸೋಮಾರಿತನ. ತೀರ್ಪುಗಾರರು ಹೊರಗಿನವರು, ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನನ್ನದೇ ವಿದ್ಯಾರ್ಥಿನಿ ಎದ್ದು ನಿಂತು, "ಈ ನಾಡಿನಲ್ಲಿ ಸತ್ತವರೂ ಪಿಂಚಣಿ ತಿನ್ನುತ್ತಾರೆ!" ಎಂದಳು. ಮೂರು ಸಲ ಹೇಳಿದಳು, ಒಂದೊಂದು ಸಲವೂ ಒಂದೊಂದು ಮೆಟ್ಟಿಲು ಏರಿ. ವರ್ಷದ ಶುರುವಿನಲ್ಲಿ ಆ ಸಾಲನ್ನು ಹೇಳಿಕೊಟ್ಟವಳು ನಾನೇ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದೂ ಗುರುತು ಹಾಕಿಕೊಟ್ಟಿದ್ದೆ. ಸಭಾಂಗಣ ಚಪ್ಪಾಳೆ ತಟ್ಟಿತು. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನೂ ತಟ್ಟಿದೆ, ಮೆಲ್ಲಗೆ.